ಶಾಖಾ ಕಚೇರಿಗೆ ಪ್ರತ್ಯೇಕ ಡೊಮೇನ್ ಕಂಟ್ರೋಲರ್ ಬೇಕೆ? ಅಬ್ಬೆತುಮಕೂರಿನಂತಹ ಊರಿನ ದೃಷ್ಟಿಯಿಂದ ಒಂದು ವಿವೇಚನೆ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಪಂಚಾಯತಿ ಸಭೆಯ ಮುಂದೆ ಬರುವ ದರಪಟ್ಟಿಗಳಲ್ಲಿ ಕೊಳವೆಬಾವಿಯ ಮೋಟಾರು, ಬೀದಿದೀಪ, ಚರಂಡಿಯ ಸಿಮೆಂಟು ಇವುಗಳ ಬೆಲೆ ಸರಿಯೋ ತಪ್ಪೋ ಎಂಬುದನ್ನು ಸದಸ್ಯರು ಕಣ್ಣಳತೆಯಲ್ಲಿಯೇ ಹೇಳಬಲ್ಲರು. ಗಣಕಯಂತ್ರದ ದರಪಟ್ಟಿ ಬಂದಾಗ ಮಾತ್ರ ಸಭೆ ಮೌನವಾಗುತ್ತದೆ. 'ಸರ್ವರ್ ಒಂದು' ಎಂಬ ಸಾಲಿನ ಮುಂದೆ ಬರೆದಿರುವ ಮೊತ್ತವನ್ನು ನೋಡಿ, ತಿಳಿದವರು ಹಾಕಿರಬಹುದು ಎಂದು ಸಹಿ ಬೀಳುತ್ತದೆ. ಆ ಸಾಲಿನ ಹಿಂದೆ ಇರುವ ವಸ್ತು ಯಾವುದು, ಅದು ಇಲ್ಲದಿದ್ದರೆ ಏನು ನಿಲ್ಲುತ್ತದೆ, ಇದ್ದರೆ ಯಾವ ಹೊಸ ಹೊಣೆ ಹೆಗಲೇರುತ್ತದೆ ಎಂಬುದನ್ನು ತಿಳಿಯುವುದು ಸದಸ್ಯರ ಅಧಿಕಾರವೂ ಹೌದು, ಕರ್ತವ್ಯವೂ ಹೌದು. ಇಂದಿನ ವಿಷಯ ಅಂತಹ ಒಂದು ಸಾಲಿಗೆ ಸಂಬಂಧಿಸಿದುದು.

ಡೊಮೇನ್ ಕಂಟ್ರೋಲರ್ ಎಂದರೆ ಕಚೇರಿಯ ಗಣಕಯಂತ್ರಗಳ ಪಾಲಿನ ದಫ್ತರಖಾನೆ. ಯಾರು ನೌಕರರು, ಅವರ ಗುಪ್ತಪದ ಯಾವುದು, ಯಾವ ಕಡತವನ್ನು ಯಾರು ತೆರೆಯಬಹುದು, ಯಾವ ಯಂತ್ರದಲ್ಲಿ ಯಾವ ನಿಯಮ ಜಾರಿಯಲ್ಲಿರಬೇಕು ಎಂಬ ಸಮಸ್ತ ವಿವರ ಅದರಲ್ಲಿರುತ್ತದೆ. ನೌಕರನೊಬ್ಬನು ಬೆಳಿಗ್ಗೆ ಯಂತ್ರದ ಮುಂದೆ ಕುಳಿತು ಹೆಸರು ಮತ್ತು ಗುಪ್ತಪದವನ್ನು ಒತ್ತಿದೊಡನೆ ಆ ಯಂತ್ರವು ತಾನೇ ತೀರ್ಮಾನ ಮಾಡುವುದಿಲ್ಲ, ದಫ್ತರಖಾನೆಯನ್ನು ಕೇಳುತ್ತದೆ. ಅಲ್ಲಿಂದ ಒಪ್ಪಿಗೆಯ ಚೀಟಿ ಬಂದ ಮೇಲೆ ಒಳಗೆ ಬಿಡುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 2000ದೊಂದಿಗೆ ಹೊರತಂದ ಆ್ಯಕ್ಟಿವ್ ಡೈರೆಕ್ಟರಿ ಎಂಬ ವ್ಯವಸ್ಥೆ ಇಂದಿಗೂ ಈ ಕಾರ್ಯಕ್ಕೆ ಹೆಚ್ಚಾಗಿ ಬಳಕೆಯಲ್ಲಿದೆ. 2012ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಸಾಂಬಾ 4.0 ಎಂಬ ಮುಕ್ತ ತಂತ್ರಾಂಶವೂ ಇದೇ ಕೆಲಸವನ್ನು ಪರವಾನಗಿ ಶುಲ್ಕವಿಲ್ಲದೆ ಮಾಡಬಲ್ಲದು. ದರಪಟ್ಟಿ ತರುವವರು ಈ ಎರಡನೆಯದರ ಹೆಸರನ್ನು ಸಾಮಾನ್ಯವಾಗಿ ಎತ್ತುವುದಿಲ್ಲ.

ಜಿಲ್ಲಾ ಕೇಂದ್ರದಲ್ಲಿ ಇಂತಹ ದಫ್ತರಖಾನೆ ಒಂದಿದೆ ಎಂದು ಭಾವಿಸೋಣ. ಶಹಾಪುರ, ಸುರಪುರ, ಗುರುಮಠಕಲ್, ವಡಗೇರಾ, ಹುಣಸಗಿ ತಾಲ್ಲೂಕು ಕಚೇರಿಗಳಲ್ಲಿಯೂ, ಅಬ್ಬೆತುಮಕೂರಿನಂತಹ ಊರಿನ ಕಚೇರಿಯಲ್ಲಿಯೂ ಅದರದೊಂದು ಪ್ರತಿ ಇರಬೇಕೆ? ಇದು ಇಂದಿನ ಪ್ರಶ್ನೆ.

ಈ ಪ್ರಶ್ನೆ ಯಾದಗಿರಿ ಜಿಲ್ಲೆಯ ಜನರಿಗೆ ಹೊಸದಲ್ಲ. ಈ ಜಿಲ್ಲೆಯೇ ಅಂತಹದೊಂದು ಪ್ರಶ್ನೆಗೆ ಉತ್ತರವಾಗಿ ಹುಟ್ಟಿದುದು. ಒಂದು ಕಾಲದಲ್ಲಿ ಪ್ರತಿಯೊಂದು ಮುಖ್ಯ ಸಹಿಗೂ ಕಲಬುರಗಿಗೆ ಹೋಗಬೇಕಾಗಿತ್ತು. ದೂರವೇ ಅನ್ಯಾಯವಾದಾಗ ಅಧಿಕಾರವು ಹತ್ತಿರಕ್ಕೆ ಬರಬೇಕಾಯಿತು. ಯಾದಗಿರಿ ರಾಜ್ಯದ 30ನೆಯ ಜಿಲ್ಲೆಯಾಯಿತು. ಆದುದರಿಂದ 'ನಮ್ಮದೇ ಆದದ್ದು ನಮ್ಮಲ್ಲಿರಲಿ' ಎಂಬ ಭಾವನೆ ಇಲ್ಲಿ ಸಹಜವಾಗಿ ಬಲವಾಗಿದೆ. ಆದರೆ ಮನುಷ್ಯನ ಪ್ರಯಾಣಕ್ಕೂ ವಿದ್ಯುತ್ ಸಂಕೇತದ ಪ್ರಯಾಣಕ್ಕೂ ವ್ಯತ್ಯಾಸವಿದೆ. ವೃದ್ಧೆಯೊಬ್ಬಳು ಕಲಬುರಗಿಗೆ ಹೋಗಿಬರಲು ಒಂದು ದಿನದ ಕೂಲಿ ಕಳೆದುಕೊಳ್ಳುತ್ತಿದ್ದಳು. ಗುಪ್ತಪದದ ಪ್ರಶ್ನೆಯು ಯಾದಗಿರಿಗೆ ಹೋಗಿಬರಲು ಕ್ಷಣದ ಭಾಗವೂ ಬೇಡ. ತಂತಿ ಸರಿಯಾಗಿದ್ದರೆ ದೂರವೆಂಬುದೇ ಇಲ್ಲ. ತಂತಿ ಸರಿಯಿಲ್ಲದಿದ್ದರೆ ಏನು ಎಂಬಲ್ಲಿಂದ ನಿಜವಾದ ವಿಚಾರ ಆರಂಭವಾಗುತ್ತದೆ.

ರಾಜ್ಯದ ಅನುಭವವೇ ಇದಕ್ಕೆ ಒಳ್ಳೆಯ ಉದಾಹರಣೆ ಒದಗಿಸುತ್ತದೆ. 'ಭೂಮಿ' ಯೋಜನೆ 2001ರಲ್ಲಿ ಜಾರಿಗೆ ಬಂದಾಗ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಗಿತ್ತು. ಆಗ ತಾಲ್ಲೂಕಿಗೂ ರಾಜಧಾನಿಗೂ ನಡುವೆ ನಂಬತಕ್ಕ ಸಂಪರ್ಕವಿರಲಿಲ್ಲ. ಆದುದರಿಂದ ಪ್ರತಿಯೊಂದು ತಾಲ್ಲೂಕು ಕಚೇರಿಯಲ್ಲಿಯೂ ಪ್ರತ್ಯೇಕ ಸರ್ವರ್ ಇರಿಸಿ, ಅಲ್ಲಿನ ದಾಖಲೆಯನ್ನು ಅಲ್ಲಿಯೇ ಸಂಗ್ರಹಿಸಿ, ಅಲ್ಲಿನ ಕಿಯೋಸ್ಕಿನಿಂದಲೇ 15 ರೂಪಾಯಿಗೆ ಉತಾರ ಕೊಡುವ ಏರ್ಪಾಟಾಯಿತು. ನೌಕರನ ಗುರುತನ್ನು ಬೆರಳಚ್ಚಿನಿಂದ ಖಚಿತಪಡಿಸಿಕೊಳ್ಳುವ ಪದ್ಧತಿಯೂ ಅಲ್ಲಿ ಬಂದಿತು. ಅಂದಿನ ಸ್ಥಿತಿಯಲ್ಲಿ ಅದು ಸರಿಯಾದ ನಿರ್ಣಯ. ಮುಂದೆ ಸಂಪರ್ಕ ಸುಧಾರಿಸಿದಂತೆ ದಾಖಲೆಗಳು ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಸೇರಿದವು. ಸುರಪುರದ ಉತಾರವನ್ನು ಯಾದಗಿರಿಯಲ್ಲಿಯೂ ಪಡೆಯಬಹುದಾಯಿತು. ಯೋಜನೆ ಅದೇ, ಜನರೂ ಅವರೇ. ತಂತಿ ಬದಲಾದುದರಿಂದ ಸರ್ವರಿನ ಸ್ಥಾನ ಬದಲಾಯಿತು. ಡೊಮೇನ್ ಕಂಟ್ರೋಲರಿನ ಕಥೆಯೂ ಇದೇ. ವಿಂಡೋಸ್ ಎನ್‌ಟಿಯ ಕಾಲದಲ್ಲಿ ಶಾಖೆಯೊಂದಕ್ಕೆ ದೂರವಾಣಿ ತಂತಿಯ ಮೂಲಕ ಸಂಪರ್ಕವಿದ್ದಾಗ, ಪ್ರತಿ ಶಾಖೆಯಲ್ಲಿಯೂ ಒಂದು ಪ್ರತಿ ಇಡುವುದು ರೂಢಿಯಾಯಿತು. ತಂತಿ ಸುಧಾರಿಸಿತು, ರೂಢಿ ಉಳಿಯಿತು. ಇಂದಿನ ಎಷ್ಟೋ ದರಪಟ್ಟಿಗಳಲ್ಲಿ ಆ ಹಳೆಯ ರೂಢಿಯೇ ಹೊಸ ಬೆಲೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಇನ್ನು ಗ್ರಾಮ ಪಂಚಾಯತಿ ಕಚೇರಿಯ ಕೆಲಸದ ಸ್ವರೂಪವನ್ನು ನೋಡುವುದು. ವಿಶ್ವಾರಾಧ್ಯರ ಮಠದಿಂದ ಹೆಸರಾದ ಅಬ್ಬೆತುಮಕೂರಿನಂತಹ ಊರಿನಲ್ಲಿ ಕಚೇರಿಯ ಯಂತ್ರಗಳು ಕೈಬೆರಳಿನಲ್ಲಿ ಎಣಿಸುವಷ್ಟು. ಲೆಕ್ಕಪತ್ರ ಮತ್ತು ತೆರಿಗೆ ಪಂಚತಂತ್ರ ತಂತ್ರಾಂಶದಲ್ಲಿ, ಆಸ್ತಿಯ ನಮೂನೆ 9 ಮತ್ತು ನಮೂನೆ 11 ಇ-ಸ್ವತ್ತಿನಲ್ಲಿ, ಉದ್ಯೋಗ ಖಾತರಿಯ ಹಾಜರಿ ಅದರದೇ ಜಾಲತಾಣದಲ್ಲಿ, 2016ರಿಂದ ಆರಂಭವಾದ ಬಾಪೂಜಿ ಸೇವಾ ಕೇಂದ್ರದ ಸೇವೆಗಳು ಮತ್ತೊಂದು ಜಾಲತಾಣದಲ್ಲಿ. ಇವೆಲ್ಲವೂ ದೂರದ ದತ್ತಾಂಶ ಕೇಂದ್ರದಲ್ಲಿವೆ. ಬ್ರೌಸರಿನ ಮೂಲಕ ತೆರೆಯುತ್ತವೆ. ಇಲ್ಲಿ ಒಂದು ಸಂಗತಿಯನ್ನು ಸದಸ್ಯರು ಗಟ್ಟಿಯಾಗಿ ಹಿಡಿಯಬೇಕು. ಯಂತ್ರದೊಳಗೆ ಪ್ರವೇಶಿಸುವ ಗುಪ್ತಪದ ಬೇರೆ. ಪಂಚತಂತ್ರಕ್ಕೋ ಇ-ಸ್ವತ್ತಿಗೋ ಪ್ರವೇಶಿಸುವ ಗುಪ್ತಪದ ಬೇರೆ. ಶಾಖೆಯಲ್ಲಿ ಇಡುವ ಡೊಮೇನ್ ಕಂಟ್ರೋಲರ್ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ. ತಂತಿ ಕಡಿದ ದಿನ ಅದು ನೌಕರನನ್ನು ಯಂತ್ರದೊಳಗೆ ಬಿಡಬಹುದು. ಬಿಟ್ಟ ಮೇಲೆ ಅವನು ಮಾಡುವುದೇನು? ಪಂಚತಂತ್ರ ತೆರೆಯದು, ಇ-ಸ್ವತ್ತು ತೆರೆಯದು. ಬಾಗಿಲ ಬೀಗ ತೆರೆಯಿತು, ಒಳಗಿನ ಕಣಜವೆಲ್ಲ ಬೇರೆ ಊರಿನಲ್ಲಿದೆ. ಅಬ್ಬೆತುಮಕೂರಿನಂತಹ ಕಚೇರಿಗೆ ಪ್ರತ್ಯೇಕ ಡೊಮೇನ್ ಕಂಟ್ರೋಲರ್ ಬೇಡ ಎನ್ನುವುದಕ್ಕೆ ಈ ಒಂದೇ ಕಾರಣ ಸಾಕು.

ಮೇಲಾಗಿ ಯಂತ್ರದೊಳಗೆ ಬಿಡುವ ಕೆಲಸವೂ ತಂತಿ ಕಡಿದಾಗ ಪೂರ್ತಿಯಾಗಿ ನಿಲ್ಲುವುದಿಲ್ಲ. ವಿಂಡೋಸ್ ಯಂತ್ರವು ತನ್ನಲ್ಲಿ ಹಿಂದೆ ಪ್ರವೇಶಿಸಿದವರಲ್ಲಿ ಕೊನೆಯ 10 ಜನರ ಗುರುತನ್ನು ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುತ್ತದೆ. ಸಂಪರ್ಕವಿಲ್ಲದ ದಿನ ಆ ನೆನಪಿನ ಬಲದಿಂದಲೇ ಅವರನ್ನು ಒಳಗೆ ಬಿಡುತ್ತದೆ. ಹತ್ತು ಜನ ನೌಕರರೂ ಇಲ್ಲದ ಕಚೇರಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ. ಒಂದೇ ಒಂದು ತೊಡಕು: ಆ ಯಂತ್ರದಲ್ಲಿ ಹಿಂದೆ ಒಮ್ಮೆಯೂ ಪ್ರವೇಶಿಸದವರಿಗೆ ಈ ಸೌಲಭ್ಯವಿಲ್ಲ. ಅಭಿವೃದ್ಧಿ ಅಧಿಕಾರಿಯವರಿಗೆ ಎರಡು ಪಂಚಾಯತಿಗಳ ಪ್ರಭಾರ ಬರುವುದು ಅಪರೂಪವಲ್ಲ. ಹೊಸದಾಗಿ ಪ್ರಭಾರ ವಹಿಸಿಕೊಂಡವರು ಮೊದಲ ಸಲ ಬಂದ ದಿನವೇ ತಂತಿ ಕಡಿದಿದ್ದರೆ ಅವರು ಯಂತ್ರದ ಹೊರಗೇ ಉಳಿಯುತ್ತಾರೆ. ಇದಕ್ಕೆ ಮದ್ದು ಸರ್ವರ್ ಅಲ್ಲ. ಪ್ರಭಾರ ವಹಿಸಿಕೊಂಡ ವಾರದಲ್ಲಿಯೇ, ಸಂಪರ್ಕವಿರುವ ದಿನ, ಪ್ರತಿ ಯಂತ್ರದಲ್ಲಿ ಒಂದು ಸಲ ಪ್ರವೇಶಿಸಿ ಹೊರಬರುವುದು. ಖರ್ಚು ಹತ್ತು ನಿಮಿಷ.

ಇದೇ ನೆನಪಿಗೆ ಒಂದು ಕೆಡುಕಿನ ಮುಖವೂ ಉಂಟು. ಕೆಲಸದಿಂದ ತೆಗೆಯಲ್ಪಟ್ಟವನ ಹೆಸರನ್ನು ಜಿಲ್ಲಾ ಕೇಂದ್ರದಲ್ಲಿ ತಕ್ಷಣವೇ ರದ್ದುಪಡಿಸಿದರೂ, ಸಂಪರ್ಕದಿಂದ ಕಳಚಿಕೊಂಡ ಯಂತ್ರಕ್ಕೆ ಆ ಸುದ್ದಿ ತಲುಪುವುದಿಲ್ಲ. ತಂತಿಯನ್ನು ಕಿತ್ತಿಟ್ಟು ಕುಳಿತರೆ ಅವನು ಆ ಯಂತ್ರದಲ್ಲಿರುವ ಕಡತಗಳನ್ನು ನೋಡಬಲ್ಲನು. ಆದುದರಿಂದ ಮುಖ್ಯ ಕಡತಗಳು ಯಂತ್ರದಲ್ಲಿಯೇ ಬಿದ್ದಿರಬಾರದು.

ಶಾಖೆಯಲ್ಲಿ ಪ್ರತಿ ಇಡಬೇಕೆನ್ನುವವರ ವಾದದಲ್ಲಿ ಹುರುಳಿರುವ ಒಂದು ಅಂಶವನ್ನು ಮುಚ್ಚಿಡಬಾರದು. ಶಾಖೆಯ ಯಂತ್ರಗಳು ಜಾಲತಾಣಗಳ ವಿಳಾಸವನ್ನು ಕೇಳುವುದು ಸಾಮಾನ್ಯವಾಗಿ ಡೊಮೇನ್ ಕಂಟ್ರೋಲರಿನಲ್ಲಿಯೇ ಇರುವ ಹೆಸರುಪಟ್ಟಿಯನ್ನು, ಅಂದರೆ ಡಿಎನ್‌ಎಸ್ ಅನ್ನು. ಅದು ಜಿಲ್ಲಾ ಕೇಂದ್ರದಲ್ಲಿ ಮಾತ್ರ ಇದ್ದು, ಕೇಂದ್ರದೊಂದಿಗಿನ ಸಂಪರ್ಕ ಕಡಿದರೆ, ಶಾಖೆಯಲ್ಲಿ ಇಂಟರ್ನೆಟ್ ಬೇರೆ ದಾರಿಯಿಂದ ಸರಿಯಾಗಿಯೇ ಇದ್ದರೂ ಯಾವ ಜಾಲತಾಣವೂ ತೆರೆಯದು. ದೀಪ ಉರಿಯುತ್ತಿರುತ್ತದೆ, ಪಂಚತಂತ್ರ ಬರುವುದಿಲ್ಲ. ದುರಸ್ತಿಗೆ ಬಂದವರು ಕೇಬಲನ್ನೇ ನೋಡಿ ಹೋಗುತ್ತಾರೆ. ಈ ತೊಂದರೆ ನಿಜವಾದುದು. ಆದರೆ ಶಾಖೆಯ ರೂಟರಿನಲ್ಲಿಯೇ ಹೊರಗಿನ ಹೆಸರುಗಳನ್ನು ಬೇರೆ ದಾರಿಯಿಂದ ಕೇಳುವಂತೆ ಹೊಂದಿಸುವುದರಿಂದ ಇದು ಪರಿಹಾರವಾಗುತ್ತದೆ. ಗುತ್ತಿಗೆದಾರರಿಂದ ಈ ಹೊಂದಿಕೆಯನ್ನು ಬರವಣಿಗೆಯಲ್ಲಿ ಕೇಳುವುದು ಸರ್ವರ್ ಕೊಳ್ಳುವುದಕ್ಕಿಂತ ಬಹಳ ಅಗ್ಗ.

ಈಗ ವಿಷಯದ ಕಠಿಣ ಭಾಗಕ್ಕೆ ಬರಬೇಕು. ಡೊಮೇನ್ ಕಂಟ್ರೋಲರಿನ ಪೂರ್ಣ ಪ್ರತಿ ಎಂದರೆ ಶಾಖೆಯ ನಾಲ್ಕು ನೌಕರರ ವಿವರವಷ್ಟೇ ಅಲ್ಲ. ಆ ಡೊಮೇನಿನಲ್ಲಿರುವ ಎಲ್ಲರ ಗುಪ್ತಪದಗಳ ಮುದ್ರೆ, ಜಿಲ್ಲೆಯ ಅತ್ಯುನ್ನತ ಅಧಿಕಾರಿಯ ಮುದ್ರೆಯೂ ಸೇರಿ, ಆ ಪೆಟ್ಟಿಗೆಯಲ್ಲಿರುತ್ತದೆ. ಪೆಟ್ಟಿಗೆ ಕೈಗೆ ಸಿಕ್ಕವನಿಗೆ ಅದನ್ನು ನಿಧಾನವಾಗಿ ಬಿಡಿಸಲು ಬೇಕಾದಷ್ಟು ಸಮಯವಿರುತ್ತದೆ. ಜಿಲ್ಲೆಯ ಖಜಾನೆಯ ಬೀಗದ ಕೈಗಳ ನಕಲನ್ನು ಮಾಡಿಸಿ ಪ್ರತಿ ಊರಿನ ಚಾವಡಿಯಲ್ಲಿ ಮೊಳೆಗೆ ತೂಗುಹಾಕಿದಂತೆ ಇದು. ಊರಿನ ಕಚೇರಿಯಲ್ಲಿ ಸರ್ವರಿಗೆ ಪ್ರತ್ಯೇಕ ಕೋಣೆ ಇರುವುದಿಲ್ಲ. ಪೊರಕೆ, ಬ್ಲೀಚಿಂಗ್ ಪುಡಿ, ಹಳೆಯ ಮತಪೆಟ್ಟಿಗೆ ಇರುವ ಕೋಣೆಯಲ್ಲಿಯೇ ಅದೂ ಕುಳಿತುಕೊಳ್ಳುತ್ತದೆ. ಅದರ ಕೀಲಿಕೈ ನೀರಗಂಟಿಯಿಂದ ಹಿಡಿದು ಎಲ್ಲರಿಗೂ ಗೊತ್ತಿರುವ ಜಾಗದಲ್ಲಿರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಕಿಟಕಿ ತೆರೆದಿಡದೆ ಯಂತ್ರ ಬದುಕದು, ತೆರೆದಿಟ್ಟರೆ ಭದ್ರತೆ ಉಳಿಯದು.

ಈ ಅಪಾಯವನ್ನು ಮನಗಂಡೇ ಮೈಕ್ರೋಸಾಫ್ಟ್ 2008ರ ಸರ್ವರ್ ಆವೃತ್ತಿಯಲ್ಲಿ ಓದಲು ಮಾತ್ರ ಬರುವ ಡೊಮೇನ್ ಕಂಟ್ರೋಲರನ್ನು ಪರಿಚಯಿಸಿತು. ಇದರಲ್ಲಿ ಶಾಖೆಯ ಪ್ರತಿಯನ್ನು ಅಲ್ಲಿಯೇ ತಿದ್ದಲು ಬಾರದು. ಯಾರ ಗುಪ್ತಪದ ಅಲ್ಲಿ ಉಳಿಯಬಹುದು ಎಂಬುದನ್ನು ಕೇಂದ್ರವೇ ನಿರ್ಧರಿಸುತ್ತದೆ. ಮೇಲಧಿಕಾರಿಗಳ ಗುಪ್ತಪದ ಅಲ್ಲಿಗೆ ಹೋಗದಂತೆ ತಡೆಯಬಹುದು. ಪೆಟ್ಟಿಗೆ ಕಳುವಾದರೆ ಅದರಲ್ಲಿ ಯಾರು ಯಾರ ಗುಪ್ತಪದವಿತ್ತು ಎಂಬ ಪಟ್ಟಿ ಕೇಂದ್ರದಲ್ಲಿ ಸಿಗುತ್ತದೆ, ಅಷ್ಟನ್ನು ಮಾತ್ರ ಬದಲಿಸಿದರೆ ಸಾಕು. ಶಾಖೆಗೆ ಪ್ರತಿ ಬೇಕೇಬೇಕು ಎಂಬ ತೀರ್ಮಾನವಾದ ಕಡೆ ಕೇಳಬೇಕಾದುದು ಇದನ್ನೇ. ಪೂರ್ಣ ಪ್ರತಿಯ ದರಪಟ್ಟಿ ಬಂದರೆ, ಓದಲು ಮಾತ್ರ ಬರುವುದು ಏಕೆ ಸಾಲದು ಎಂಬ ಪ್ರಶ್ನೆಗೆ ಲಿಖಿತ ಉತ್ತರ ಪಡೆಯದೆ ಸಭೆ ಮುಂದುವರಿಯಬಾರದು.

ಪ್ರತಿ ಇರಿಸಿದ ಮೇಲೆ ಅದನ್ನು ಮರೆಯುವಂತಿಲ್ಲ ಎಂಬುದು ಇನ್ನೊಂದು ಹೊಣೆ. ಕೇಂದ್ರ ಮತ್ತು ಶಾಖೆಯ ಪ್ರತಿಗಳು ನಿಗದಿತ ಅವಧಿಗೊಮ್ಮೆ ಪರಸ್ಪರ ಸರಿಹೊಂದಿಸಿಕೊಳ್ಳಬೇಕು. ಸಾಮಾನ್ಯ ಹೊಂದಿಕೆಯಲ್ಲಿ ಅದು 180 ನಿಮಿಷಗಳಿಗೊಮ್ಮೆ. ಕೇಂದ್ರದಲ್ಲಿ ಅಳಿಸಿದ ಹೆಸರಿನ ಗುರುತು 180 ದಿನಗಳವರೆಗೆ ಉಳಿದು, ಎಲ್ಲ ಪ್ರತಿಗಳಿಗೂ ಅಳಿವಿನ ಸುದ್ದಿಯನ್ನು ಮುಟ್ಟಿಸುತ್ತದೆ. ಕೆಟ್ಟು ಮೂಲೆಗೆ ಬಿದ್ದ ಶಾಖೆಯ ಸರ್ವರನ್ನು ಆ ಅವಧಿ ಮೀರಿದ ಬಳಿಕ ಯಾರೋ ಉತ್ಸಾಹದಿಂದ ಮತ್ತೆ ಚಾಲೂ ಮಾಡಿದರೆ, ಅದಕ್ಕೆ ಅಳಿವಿನ ಸುದ್ದಿ ತಲುಪಿರುವುದಿಲ್ಲ. ತೆಗೆದುಹಾಕಿದ ಹೆಸರುಗಳು ಅದರಲ್ಲಿ ಜೀವಂತವಾಗಿರುತ್ತವೆ. ಪೂರ್ಣ ಪ್ರತಿಯಾಗಿದ್ದರೆ ಅಲ್ಲಿಂದ ಬೇರೆಡೆಗೂ ಹರಡಬಹುದು. ಮೃತರ ಹೆಸರು ಪಡಿತರ ಪಟ್ಟಿಯಲ್ಲಿ ಮತ್ತೆ ಕಾಣಿಸಿಕೊಂಡುದನ್ನು ಕಂಡಿರುವ ಸದಸ್ಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಗಡಿಯಾರದ ಸಂಗತಿ ಸಣ್ಣದಾದರೂ ಹಳ್ಳಿಯ ಕಚೇರಿಯಲ್ಲಿ ಪದೇ ಪದೇ ಎದುರಾಗುವಂಥದು. ಯಂತ್ರದ ಸಮಯವೂ ಡೊಮೇನ್ ಕಂಟ್ರೋಲರಿನ ಸಮಯವೂ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಒಪ್ಪಿಗೆಯ ಚೀಟಿ ಸಿಗುವುದಿಲ್ಲ. ಹಳೆಯ ಯಂತ್ರದೊಳಗಿನ ನಾಣ್ಯದಂತಹ ಬ್ಯಾಟರಿ ಸತ್ತಿದ್ದರೆ, ವಿದ್ಯುತ್ ಹೋಗಿ ಬಂದಾಗಲೆಲ್ಲ ಅದು ಯಾವುದೋ ಹಳೆಯ ವರ್ಷಕ್ಕೆ ಹಿಂದಿರುಗುತ್ತದೆ. ಗುಪ್ತಪದ ಸರಿಯಿದೆ, ತಂತಿ ಸರಿಯಿದೆ, ಆದರೂ ಪ್ರವೇಶವಿಲ್ಲ. ಇಂತಹ ಕಡೆ 'ಸರ್ವರ್ ಇಲ್ಲದಿರುವುದೇ ಕಾರಣ' ಎಂಬ ಮಾತು ಕೇಳಿಬಂದರೆ, ಮೊದಲು ಆ ಬ್ಯಾಟರಿಯನ್ನು ಬದಲಿಸಿ ನೋಡಬೇಕು.

ಹಾಗಾದರೆ ಯಾವ ಶಾಖೆಗೂ ಬೇಡವೆ? ಹಾಗಲ್ಲ. ತಂತಿ ಕಡಿದರೂ ಶಾಖೆಯೊಳಗೇ ನಡೆಯಬೇಕಾದ ಕೆಲಸವಿರುವಲ್ಲಿ, ಆ ಕೆಲಸ ನಿಂತರೆ ಜೀವಕ್ಕೋ ಬೆಳೆಗೋ ಹಾನಿಯಾಗುವಲ್ಲಿ ಅದು ಬೇಕಾಗಬಹುದು. ಇದೇ ಜಿಲ್ಲೆಯ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆಯಲ್ಲಿ ಗೇಟುಗಳನ್ನು ದೂರದಿಂದ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆ ಇದೆ. ಅಂತಹ ಸ್ಥಳದಲ್ಲಿ ನಿಯಂತ್ರಣ ಕೋಣೆಯ ನೌಕರನು ಒಳಗೆ ಪ್ರವೇಶಿಸಲು ದೂರದ ನಗರದ ಒಪ್ಪಿಗೆಗೆ ಕಾದು ಕುಳಿತುಕೊಳ್ಳುವಂತಾಗಬಾರದು. ಪ್ರವಾಹದ ನೀರು ಕಾಯುವುದಿಲ್ಲ. ಔಷಧ ಉಗ್ರಾಣದ ಲೆಕ್ಕವನ್ನು ಸ್ಥಳೀಯ ಸರ್ವರಿನಲ್ಲಿಯೇ ಇಟ್ಟಿರುವ ದೊಡ್ಡ ಆಸ್ಪತ್ರೆಯೂ ಇದೇ ವರ್ಗಕ್ಕೆ ಸೇರುತ್ತದೆ. ತಾಲ್ಲೂಕು ಮಟ್ಟದ ಕಚೇರಿಗಳ ಸ್ಥಿತಿ ನಡುವಿನದು: ಹತ್ತಾರು ನೌಕರರು, ಎಲ್ಲರೂ ಹಂಚಿಕೊಳ್ಳುವ ಕಡತಗಳಿರುವ ಸ್ಥಳೀಯ ಸರ್ವರ್, ಬೀಗ ಹಾಕಬಹುದಾದ ಕೋಣೆ, ವಾರಕ್ಕೊಮ್ಮೆಯಾದರೂ ನೋಡಿಹೋಗುವ ತಂತ್ರಜ್ಞ ಇವು ಇದ್ದಲ್ಲಿ ಓದಲು ಮಾತ್ರ ಬರುವ ಪ್ರತಿಯನ್ನು ಪರಿಗಣಿಸಬಹುದು. ಇವುಗಳಲ್ಲಿ ಬೀಗ ಮತ್ತು ತಂತ್ರಜ್ಞ ಇಲ್ಲವೆಂದಾದರೆ ನೌಕರರ ಸಂಖ್ಯೆ ಎಷ್ಟೇ ಇರಲಿ, ಬೇಡವೆನ್ನುವುದೇ ಕ್ಷೇಮ. ಸಂಖ್ಯೆಯನ್ನೇ ಮುಂದೊಡ್ಡಿ ಸರ್ವರ್ ಮಾರುವ ವಾದಕ್ಕೆ ಸದಸ್ಯರು ಅತಿ ಬೆಲೆ ಕೊಡಬಾರದು.

ಸರ್ವರಿಗೆ ಮೀಸಲಿಡಬಹುದಾಗಿದ್ದ ಹಣ ಎಲ್ಲಿಗೆ ಹೋಗಬೇಕು? ಮೊದಲು ತಂತಿಗೆ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅನುಮೋದಿಸಿದ, ಈಗ ಭಾರತ್‌ನೆಟ್ ಎಂದು ಕರೆಯಲ್ಪಡುವ ಯೋಜನೆಯ ಗುರಿಯೇ ಪ್ರತಿ ಗ್ರಾಮ ಪಂಚಾಯತಿಗೆ ದ್ಯುತಿತಂತುವಿನ ಮೂಲಕ 100 ಎಂಬಿಪಿಎಸ್ ಸಂಪರ್ಕ. ನೌಕರನೊಬ್ಬನ ಪ್ರವೇಶಕ್ಕೆ ಇದರ ಅಣುಮಾತ್ರ ಭಾಗ ಸಾಕು. ಆದರೆ ರಸ್ತೆ ಅಗೆತ, ಚರಂಡಿ ಕಾಮಗಾರಿ, ಕುಡಿಯುವ ನೀರಿನ ಕೊಳವೆಯ ಕೆಲಸ ಇವುಗಳಲ್ಲಿ ತಂತು ತುಂಡಾಗುತ್ತದೆ, ಮತ್ತು ಆ ಕಾಮಗಾರಿಗಳಲ್ಲಿ ಹಲವನ್ನು ಮಂಜೂರು ಮಾಡುವುದು ಇದೇ ಸಭೆ. ಅಗೆಯುವ ಮುನ್ನ ತಂತುವಿನ ಮಾರ್ಗವನ್ನು ಗುರುತಿಸಿಕೊಳ್ಳಬೇಕೆಂಬ ಒಂದು ಷರತ್ತನ್ನು ಕಾರ್ಯಾದೇಶದಲ್ಲಿ ಸೇರಿಸುವುದಕ್ಕೆ ಹಣವೇ ಬೇಡ. ಎರಡನೆಯದಾಗಿ, ಮುಖ್ಯ ತಂತಿ ಕಡಿದಾಗ ಬಳಸಲು ಮೊಬೈಲ್ ಜಾಲದ ಒಂದು ರೂಟರ್. ಜಾತ್ರೆಯ ದಿನಗಳಲ್ಲಿ ಜನಸಂದಣಿಯಿಂದ ಮೊಬೈಲ್ ಜಾಲ ನಿಧಾನವಾಗುವುದರಿಂದ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ, ಎರಡೂ ಇರಬೇಕು. ಬಳಿಕ ಯುಪಿಎಸ್‌ಗೆ ಹೊಸ ಬ್ಯಾಟರಿ. ಸತ್ತ ಬ್ಯಾಟರಿಯ ಯುಪಿಎಸ್ ಎಷ್ಟು ಕಚೇರಿಗಳಲ್ಲಿ ಮೇಜಿನ ಕೆಳಗೆ ಕಾಲಿಡುವ ಮಣೆಯಾಗಿದೆ ಎಂಬುದು ಸದಸ್ಯರಿಗೇ ಗೊತ್ತು.

ಕೊನೆಯದಾಗಿ, ಯಾವ ಸರ್ವರೂ ಸರಿಪಡಿಸಲಾರದ ಒಂದು ವಿಷಯ. ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಕ್ಕೆ ಬೀಳುವುದು ಅಭಿವೃದ್ಧಿ ಅಧಿಕಾರಿಯವರ ಡಿಜಿಟಲ್ ಸಹಿ. ಆ ಸಹಿಯ ಸಾಧನ, ಬೆರಳುದ್ದದ ಡಾಂಗಲ್, ಯಂತ್ರಕ್ಕೆ ಸಿಕ್ಕಿಸಿದಂತೆಯೇ ದಿನವಿಡೀ ಇದ್ದು, ಅದರ ಸಂಖ್ಯೆ ಪರದೆಯ ಅಂಚಿನಲ್ಲಿ ಚೀಟಿಯಾಗಿ ಅಂಟಿಕೊಂಡಿದ್ದರೆ, ಯಾರದೋ ಮನೆಯ ಜಾಗ ಯಾರದೋ ಹೆಸರಿಗೆ ಹೋಗಲು ಒಂದು ಮಧ್ಯಾಹ್ನ ಸಾಕು. ವಿಧವೆಯೊಬ್ಬಳಿಗೆ ಅದನ್ನು ಮರಳಿ ಪಡೆಯಲು ನ್ಯಾಯಾಲಯದಲ್ಲಿ ವರ್ಷಗಳೇ ಬೇಕಾಗುತ್ತವೆ. ಇನ್ನೊಬ್ಬರ ಗುಪ್ತಪದವನ್ನು ಅಥವಾ ವಿದ್ಯುನ್ಮಾನ ಸಹಿಯನ್ನು ಮೋಸದಿಂದ ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ 66ಸಿ ಪ್ರಕರಣದಲ್ಲಿ 3 ವರ್ಷಗಳವರೆಗಿನ ಸೆರೆವಾಸ ಮತ್ತು 1 ಲಕ್ಷ ರೂಪಾಯಿಗಳವರೆಗಿನ ದಂಡವಿದೆ. ಡೊಮೇನ್ ವ್ಯವಸ್ಥೆಯು ಒಬ್ಬೊಬ್ಬರಿಗೂ ಪ್ರತ್ಯೇಕ ಹೆಸರು ಕೊಟ್ಟು, ಯಾವ ಯಂತ್ರದಲ್ಲಿ ಯಾರು ಯಾವಾಗ ಕುಳಿತಿದ್ದರು ಎಂಬ ದಾಖಲೆಯನ್ನು ಉಳಿಸುತ್ತದೆ. ಅದರ ನಿಜವಾದ ಪ್ರಯೋಜನ ಇದೇ. ಎಲ್ಲರೂ ಒಂದೇ ಹೆಸರಿನಲ್ಲಿ ಪ್ರವೇಶಿಸುವ ಕಚೇರಿಯಲ್ಲಿ ಆ ದಾಖಲೆಗೆ ಅರ್ಥವಿಲ್ಲ, ಸರ್ವರ್ ಯಾದಗಿರಿಯಲ್ಲಿರಲಿ ಅಬ್ಬೆತುಮಕೂರಿನಲ್ಲಿರಲಿ.

ದರಪಟ್ಟಿ ಸಭೆಯ ಮುಂದೆ ಬಂದಾಗ ಕಳೆದ ಆರು ತಿಂಗಳಲ್ಲಿ ತಂತಿ ಎಷ್ಟು ದಿನ, ಎಷ್ಟು ಗಂಟೆ ಕಡಿದಿತ್ತು ಎಂಬ ದಾಖಲೆಯನ್ನು ಸದಸ್ಯರು ಮೊದಲು ಕೇಳಬೇಕು. ಬಹುಪಾಲು ಕಡೆ ಅಂತಹ ದಾಖಲೆಯೇ ಇರುವುದಿಲ್ಲ. ಹಾಗಿದ್ದಲ್ಲಿ ಖರೀದಿಯನ್ನು ಮುಂದೂಡಿ, ಎರಡು ರೂಲುಗಳ ಒಂದು ವಹಿಯನ್ನು ಯಂತ್ರದ ಪಕ್ಕದಲ್ಲಿರಿಸಿ, ಸಂಪರ್ಕ ಹೋದ ವೇಳೆ ಮತ್ತು ಬಂದ ವೇಳೆಯನ್ನು ಅಂದಂದೇ ಬರೆದಿಡುವಂತೆ ಠರಾವು ಮಾಡಬಹುದು. ಮುಂದಿನ ಮೂರು ಸಾಮಾನ್ಯ ಸಭೆಗಳಲ್ಲಿ ಆ ವಹಿಯನ್ನು ಮೇಜಿನ ಮೇಲೆ ಇಡತಕ್ಕದ್ದು.